ನೋಡುವ ಊರಿನಲ್ಲಿ ಮನೆ ಯಾರದು?

ಸಂಡೂರಿನ ಗುಡ್ಡಸಾಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 3,250 ಅಡಿ ಎತ್ತರದಲ್ಲಿ ರಾಮನದುರ್ಗವಿದೆ. ಊರವರ ಬಾಯಲ್ಲಿ ಅದು ರಾಮಗಡ. ಬಳ್ಳಾರಿ ದಂಡಿನ ಪ್ರದೇಶದ ಬಿಸಿಲು ತಾಳದೆ ಕಾಯಿಲೆ ಬೀಳುತ್ತಿದ್ದ ಬಿಳಿಯ ಸೈನಿಕರನ್ನು ಸುಧಾರಿಸಲು 1840ರ ದಶಕದಲ್ಲಿ ಮದರಾಸು ಸರ್ಕಾರ ಸಂಡೂರಿನ ಘೋರ್ಪಡೆ ಅರಸರಿಂದ ಆ ಜಾಗ ಪಡೆದು ಆರೋಗ್ಯಧಾಮ ಮಾಡಿತು. ಸೈನಿಕರ ಹಿಂದೆಯೇ ಅಧಿಕಾರಿಗಳ ಬಂಗಲೆಗಳು ಬಂದವು. ಬೇಸಿಗೆಯಲ್ಲಿ ಮೇಲೆ, ಮಳೆ ಬಿದ್ದು ನೆಲ ತಣಿದ ಮೇಲೆ ಕೆಳಗೆ. ಊಟಿ, ಕೊಡೈಕೆನಾಲ್‌ಗಳ ಹಾಗೆ ಬೆಳೆಯಬೇಕಿದ್ದ ಊರು ಬೆಳೆಯಲಿಲ್ಲ. ಬಂಗಲೆಗಳ ಒಡೆಯರಿಗೆ ಅಲ್ಲಿ ಹೊಲವಿರಲಿಲ್ಲ, ಸಂಬಂಧಿಕರಿರಲಿಲ್ಲ, ಮಕ್ಕಳ ಮಕ್ಕಳು ಬಾಳಬೇಕೆಂಬ ಯೋಚನೆಯೂ ಇರಲಿಲ್ಲ. ಬರುವ ಕಾರಣ ಮುಗಿದಾಗ ಬರುವುದನ್ನು ಬಿಟ್ಟರು. ಈಗ ಅಲ್ಲಿ ನೋಡಲು ಸಿಗುವುದು ಗಿಡಗಂಟಿ ಬೆಳೆದ ಪಾಳುಗೋಡೆಗಳು.

ಚೆಲುವಾದ ಜಾಗದಲ್ಲಿ ಮನೆ ಕೊಳ್ಳುವ ಆಸೆ ಇಂದು ದೊರೆಗಳಿಗೂ ದೊರೆಗಳ ದಂಡಿಗೂ ಮಾತ್ರ ಉಳಿದಿಲ್ಲ. ಬೆಂಗಳೂರಿನ ಸಂಬಳದಾರರಿಗೂ ಹೈದರಾಬಾದಿನ ವ್ಯಾಪಾರಿಗಳಿಗೂ ಅದು ಕೈಗೆಟುಕುವ ಮಾತು. ಆದ್ದರಿಂದಲೇ ಕೇಳಬೇಕಾಗಿದೆ: ಜನ ನೋಡಲೆಂದು ಬರುವ ಊರಿನಲ್ಲಿ ಮನೆಯ ಹಕ್ಕು ಯಾವುದರಿಂದ ಬರಬೇಕು? ಹಣದಿಂದಲೋ, ಹುಟ್ಟಿನಿಂದಲೋ, ಪಹಣಿಯಲ್ಲಿರುವ ಹೆಸರಿನಿಂದಲೋ? ನನ್ನ ಉತ್ತರ ಈ ಮೂರೂ ಅಲ್ಲ. ವಾಸದಿಂದ ಬರಬೇಕು. ವರ್ಷವಿಡೀ ಅಲ್ಲಿದ್ದು, ಅಲ್ಲಿಯ ನೀರು ಕುಡಿದು, ಅಲ್ಲಿಯ ಶಾಲೆಗೆ ಮಕ್ಕಳನ್ನು ಕಳಿಸುವವರಿಗೆ ಮೊದಲ ಹಕ್ಕು. ಉಳಿದವರ ಹಕ್ಕು ಅದರ ನಂತರ.

ಈ ಪ್ರಶ್ನೆಯನ್ನು ತೀವ್ರವಾಗಿ ಎದುರಿಸಿದ್ದು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟದ ಊರುಗಳು. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಹಳ್ಳಿಗಳಲ್ಲಿ ಚಳಿಗಾಲದ ಕೆಲವು ವಾರಗಳಿಗಾಗಿ ಹೊರಗಿನವರು ಮನೆ ಕೊಂಡರು. ಉಳಿದ ತಿಂಗಳು ಆ ಮನೆಗಳ ಕಿಟಕಿ ತೆರೆಯುತ್ತಿರಲಿಲ್ಲ. ಇತ್ತ ಬೆಲೆ ಏರಿ, ಆ ಊರಿನ ಹೋಟೆಲಿನಲ್ಲಿ ಬಡಿಸುವವರಿಗೆ, ಶಾಲೆಯ ಮೇಷ್ಟ್ರಿಗೆ ಅಲ್ಲಿ ಬಾಡಿಗೆ ಮನೆಯೂ ಸಿಗದಾಯಿತು. 2012ರ ಮಾರ್ಚ್ 11ರಂದು ಆ ದೇಶದ ಜನ ಮತ ಹಾಕಿ, ಯಾವ ಊರಿನಲ್ಲೂ ಇಂಥ ಎರಡನೆಯ ಮನೆಗಳು ಒಟ್ಟು ಮನೆಗಳ ನೂರಕ್ಕೆ 20ನ್ನು ಮೀರಬಾರದೆಂದು ನಿರ್ಧರಿಸಿದರು. ಗೆದ್ದದ್ದು ಅತ್ಯಲ್ಪ ಅಂತರದಲ್ಲಿ. ಬಲವಾಗಿ ವಿರೋಧಿಸಿದವರು ಮನೆ ಕಟ್ಟಿ ಮಾರುತ್ತಿದ್ದ ಬೆಟ್ಟದ ಊರುಗಳವರು. ಮಾರಿದರೆ ಹಣ, ಮಾರದಿದ್ದರೆ ಊರು ಎಂಬ ಇಕ್ಕಟ್ಟು ಅವರದಾಗಿತ್ತು. ಅವರ ಸಂಕಟ ಸುಳ್ಳಲ್ಲ.

ನಮ್ಮಲ್ಲೂ ಹಿಮದ ಊರುಗಳಿವೆ. ಸೋಲಾಂಗ್, ಮನಾಲಿ ಇರುವ ಹಿಮಾಚಲದಲ್ಲಿ 1972ರ ಭೂಸುಧಾರಣಾ ಕಾಯ್ದೆಯ 118ನೇ ಕಲಮು ಕೃಷಿಕರಲ್ಲದವರು ಸರ್ಕಾರದ ಅನುಮತಿಯಿಲ್ಲದೆ ಜಮೀನು ಕೊಳ್ಳದಂತೆ ತಡೆದಿದೆ. ಉತ್ತರಾಖಂಡದ ಔಲಿಯ ಸ್ಕೀಯಿಂಗ್ ಇಳಿಜಾರಿಗೆ ಹೋಗುವವರು ಹಾದುಹೋಗುವ ಜೋಶಿಮಠದಲ್ಲಿ ಭಾರಿ ಕಟ್ಟಡ ಬೇಡವೆಂದು 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. ಎಚ್ಚರಿಕೆ ಕಡತದಲ್ಲಿ ಉಳಿಯಿತು, ಕಟ್ಟಡಗಳು ಎದ್ದವು. 2023ರ ಜನವರಿಯಲ್ಲಿ ನೆಲ ಕುಸಿದು ನೂರಾರು ಮನೆಗಳ ಗೋಡೆ ಸೀಳಿತು. ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟವರಲ್ಲಿ ತಲೆಮಾರುಗಳಿಂದ ಅಲ್ಲೇ ಇದ್ದವರು ಬಹಳ ಮಂದಿ. ಪ್ರವಾಸಿ ತನ್ನ ಊರಿಗೆ ಮರಳಿ ಹೋಗಬಲ್ಲ, ಅವರು ಎಲ್ಲಿಗೆ ಹೋಗಬೇಕು?

ಈಗ ಹಂಪಿಗೆ ಬರೋಣ. ಇಲ್ಲಿ ಹಿಮವಿಲ್ಲ, ಆದರೆ ಸೀಸನ್ ಇದೆ. ದಸರೆಯಿಂದ ಶಿವರಾತ್ರಿಯವರೆಗೆ ಜನ, ಆಮೇಲೆ ಬಂಡೆ ಕಾದು ಕೆಂಡವಾಗುವ ಬಿಸಿಲು. ವಿರೂಪಾಕ್ಷನ ಗುಡಿಯ ಎದುರಿನ ರಥಬೀದಿಯ ಕಲ್ಲುಮಂಟಪಗಳಲ್ಲಿ ದಶಕಗಳ ಕಾಲ ಜನ ಬಾಳಿದರು. ಕಂಬಗಳ ನಡುವೆ ಗೋಡೆ ಎಬ್ಬಿಸಿಕೊಂಡರು, ಮುಂದೆ ಅಂಗಡಿ, ಹಿಂದೆ ಒಲೆ. ಆ ಗೋಡೆಗಳಿಂದ, ಒಲೆಯ ಹೊಗೆಯಿಂದ ಕಲ್ಲಿಗೆ ಕೇಡಾಯಿತೆಂಬುದು ನಿಜ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ, 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿದ್ದ ಜಾಗಕ್ಕೆ ಅದು ಸಣ್ಣ ವಿಷಯವಲ್ಲ. ಆದರೆ 2011ರ ಜುಲೈ ಕೊನೆಯಲ್ಲಿ ಜೆಸಿಬಿ ಯಂತ್ರಗಳು ಬಂದಾಗ ಸಾಮಾನು ಎತ್ತಿಕೊಳ್ಳಲೂ ಸರಿಯಾದ ಸಮಯ ಸಿಗಲಿಲ್ಲವೆಂದು ಅಲ್ಲಿದ್ದವರು ಗೋಳಾಡಿದರು. ಕಡ್ಡಿರಾಂಪುರದ ಬಳಿ ನಿವೇಶನ ಕೊಡುವ ಮಾತು ಆಮೇಲಿನದು. ಅದೇ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೂ ನಿಲ್ಲಿಸಿತು. ಗಣಿಯನ್ನು ನಿಲ್ಲಿಸಿದ್ದು ಸರಿ. ಆದರೂ ಹೊಸಪೇಟೆ ಸುತ್ತಿನ ಎಷ್ಟೋ ಮನೆಗಳಿಗೆ ಒಂದೇ ವಾರದಲ್ಲಿ ಎರಡು ಬಾಗಿಲು ಮುಚ್ಚಿದವು.

ರಥಬೀದಿಯ ಜನರನ್ನು ಅಕ್ರಮ ಒತ್ತುವರಿದಾರರೆಂದು ಕರೆದದ್ದು ಕಾನೂನಿನ ಕಣ್ಣಿಗೆ ಸರಿಯಿರಬಹುದು. ಆದರೆ ಪೂಜೆ ನಡೆಯುವ ಗುಡಿಯ ಬೀದಿಗೆ ಹೂ ಕಟ್ಟುವವರು, ಚಹಾ ಮಾರುವವರು, ತೇರಿನ ದಿನ ಮಿಣಿ ಹಿಡಿಯುವವರು ಬೇಕು. ಚೈತ್ರದ ತೇರು ಇಂದಿಗೂ ಎಳೆಯುತ್ತಾರೆ, ಎಳೆಯುವವರನ್ನು ಮಾತ್ರ ಬೀದಿಯಿಂದ ದೂರ ಇಟ್ಟಿದ್ದೇವೆ. ಗುಡಿಯ ಬದಿಯ ಜನತಾ ಪ್ಲಾಟಿನ ಓಣಿಗಳಲ್ಲಿ ಉಳಿದ ಕುಟುಂಬಗಳು ಕೋಣೆ ಬಾಡಿಗೆಗೆ ಕೊಟ್ಟು ಬದುಕುತ್ತಿವೆ. ಅವರ ತಲೆಯ ಮೇಲೂ ತೆರವಿನ ಭಯ ಮುಗಿದಿಲ್ಲ.

ವಿರೂಪಾಪುರ ಗಡ್ಡೆಯ ಕಥೆ ಬೇರೆ, ಅದನ್ನು ಬೇರೆಯಾಗಿಯೇ ನೋಡಬೇಕು. ತುಂಗಭದ್ರೆಯ ಆಚೆ ದಡದಲ್ಲಿ ಬತ್ತ ಬೆಳೆಯುತ್ತಿದ್ದ ನೆಲದಲ್ಲಿ ರೆಸಾರ್ಟುಗಳು ಎದ್ದವು. 1988ರ ಅಧಿಸೂಚನೆಯಂತೆ ಅದು ರಕ್ಷಿತ ಪ್ರದೇಶ. ರೆಸಾರ್ಟುಗಳನ್ನು ತೆರವು ಮಾಡಬೇಕೆಂಬ ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟು 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು, ಮುಂದಿನ ತಿಂಗಳು ಅವೆಲ್ಲ ನೆಲಸಮವಾದವು. ಮಂಟಪದ ಒಲೆಗೂ ಗಡ್ಡೆಯ ರೆಸಾರ್ಟಿಗೂ ಸಿಕ್ಕಿದ್ದು ಒಂದೇ ಯಂತ್ರ, ಒಂದೇ ಭಾಷೆ. ಒಂದು ವಾಸದ ಮನೆ, ಇನ್ನೊಂದು ಸೀಸನ್ ವ್ಯಾಪಾರ ಎಂಬ ಭೇದವನ್ನು ಆಡಳಿತ ಎಣಿಸಲೇ ಇಲ್ಲ. ಮುರಿದಲ್ಲಿಂದ ಎದ್ದ ವ್ಯಾಪಾರ ಸಾಣಾಪುರದ ಕಡೆ ಹೊರಳಿತು. ಅಲ್ಲಿಯ ಗದ್ದೆಗಳಿಗೆ ಈಗ ಅದೇ ಸರದಿ.

ಇದರ ಜೊತೆಗೇ ಅದೇ 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಲಾಯಿತು. ವ್ಯವಸಾಯಗಾರರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದೆಂದಾಯಿತು. ರೈತನಿಗೆ ಒಳ್ಳೆಯ ಬೆಲೆ ಸಿಗಲಿ ಎಂಬ ವಾದಕ್ಕೆ ಬೆಲೆಯಿದೆ. ಆದರೆ ಹೊಳೆ ಕಾಣುವ, ಗುಡ್ಡ ಕಾಣುವ ಹೊಲದ ಬೆಲೆಯನ್ನು ಇನ್ನು ಮುಂದೆ ಜೋಳವೂ ಬತ್ತವೂ ನಿರ್ಧರಿಸುವುದಿಲ್ಲ, ನೋಟ ನಿರ್ಧರಿಸುತ್ತದೆ. ಒಂದು ಕಡೆ ಪರಂಪರೆಯ ಹೆಸರಿನಲ್ಲಿ ಇದ್ದವರನ್ನು ಎಬ್ಬಿಸುವುದು, ಇನ್ನೊಂದು ಕಡೆ ಇರದವರಿಗೆ ನೆಲ ತೆರೆದಿಡುವುದು: ಎರಡನ್ನೂ ಒಂದೇ ಸರ್ಕಾರ ಮಾಡುತ್ತದೆ ಎಂಬುದು ನನಗೆ ತುಂಬ ನೋವಿನ ವಿಷಯ.

ಹೊರಗಿನವರು ಬಂದರೆ ಕೆಲಸ ಬರುತ್ತದೆ ಎನ್ನುತ್ತಾರೆ. ಬರುತ್ತದೆ, ಒಪ್ಪೋಣ. ಕಾವಲು, ಅಡುಗೆ, ತೋಟದ ಕೆಲಸ. ಆದರೆ ಆ ಕೆಲಸಕ್ಕೆ ಬರುವವರು ಮಲಗುವುದು ಎಲ್ಲಿ? ಹೊಸಪೇಟೆಯಲ್ಲಿ ಗಣಿ ಲಾರಿಗಳ ಕಾಲದಲ್ಲಿ ಏರಿದ ಸೈಟಿನ ಬೆಲೆ ಇಳಿಯಲಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ, ಹೊಸಪೇಟೆ ಜಿಲ್ಲಾಕೇಂದ್ರವಾದ ಮೇಲೆ ಮತ್ತೂ ಏರಿತು. ಬಾಡಿಗೆ ಕಟ್ಟಲಾಗದವರು ಕಂಪ್ಲಿ, ಕಮಲಾಪುರದ ಕಡೆಯಿಂದ ದಿನವೂ ಬಂದು ಹೋಗುತ್ತಾರೆ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿಯ ಸೇತುವೆ ಮುಳುಗುತ್ತದೆ, ಗಂಗಾವತಿ ಕಡೆಯ ದಾರಿ ಕಡಿಯುತ್ತದೆ, ಕೋಟೆ ಭಾಗದ ಮನೆಗಳಿಗೆ ನೀರು ನುಗ್ಗುತ್ತದೆ. ಹೊಳೆಯ ಚೆಲುವು ನೋಡುವವನಿಗೆ, ಅದರ ಪ್ರವಾಹ ಇರುವವನಿಗೆ. ಈ ಹಂಚಿಕೆ ನ್ಯಾಯವಲ್ಲ.

ಹಾಗೆಂದು ಹುಟ್ಟಿದವನೇ ಕಾಪಾಡುತ್ತಾನೆ ಎಂಬ ಮಾತನ್ನೂ ನಾನು ನಂಬುವುದಿಲ್ಲ. ಸಂಡೂರಿನ ಗುಡ್ಡಗಳನ್ನು ಅಗೆದವರಲ್ಲಿ, ಗಡ್ಡೆಯಲ್ಲಿ ರೆಸಾರ್ಟು ಕಟ್ಟಿದವರಲ್ಲಿ ನಮ್ಮ ಜಿಲ್ಲೆಗಳವರೂ ಇದ್ದರು. ಎಲ್ಲಿಂದಲೋ ಬಂದು ಆನೆಗೊಂದಿಯಲ್ಲಿ ನೆಲೆಸಿ, ಊರಿನ ಹೆಂಗಸರ ಜೊತೆ ಬಾಳೆನಾರಿನ ಕೆಲಸಕ್ಕೆ ಕೈಹಾಕಿದವರೂ ಇದ್ದಾರೆ. ಅವರನ್ನು ಹೊರಗಿನವರೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಆದ್ದರಿಂದ ಅಳತೆಗೋಲು ಜಾತಿ, ಭಾಷೆ, ಹುಟ್ಟೂರು ಆಗಬಾರದು. ವಾಸ ಆಗಬೇಕು.

ಮನೆ ಕೊಳ್ಳಲು ಬರುವವರಿಗೆ ನಾನು ಹೇಳುವುದಿಷ್ಟು. ಡಿಸೆಂಬರಿನ ತಂಪಿನಲ್ಲಿ ಬಂದು ಮುಂಗಡ ಕೊಡಬೇಡಿ. ಏಪ್ರಿಲ್‌ನಲ್ಲಿ ಬನ್ನಿ, ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಪಕ್ಕದ ಮನೆಯವರನ್ನು ಕೇಳಿ. ಪಂಚಾಯಿತಿಯಲ್ಲಿ ಇ-ಸ್ವತ್ತು ನಮೂನೆ 9, 11 ನೋಡಿ, ಭೂ ಪರಿವರ್ತನೆ ಆದೇಶ ನೋಡಿ. ಹಂಪಿ ಪ್ರಾಧಿಕಾರದ ವ್ಯಾಪ್ತಿಯ 29 ಹಳ್ಳಿಗಳಲ್ಲಿ ಒಂದಾದರೆ ಅದರ ಅನುಮತಿ ಕೇಳಿ. ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ. ಬ್ರೋಕರ್ ಇದನ್ನು ತಾನಾಗಿ ಹೇಳಲಾರ. ಇಷ್ಟಾದ ಮೇಲೂ ಇಲ್ಲಿ ವರ್ಷದ ಬಹುಭಾಗ ಇರಲಾರಿರಿ ಎಂದಾದರೆ ಮನೆ ಕೊಳ್ಳಬೇಡಿ, ಇಲ್ಲಿರುವವರ ಮನೆಯಲ್ಲಿ ಬಾಡಿಗೆಗೆ ಇರಿ. ನಿಮ್ಮ ಹಣ ನೇರವಾಗಿ ಒಂದು ಸಂಸಾರಕ್ಕೆ ಸೇರುತ್ತದೆ.

ಸರ್ಕಾರ ಮಾಡಬೇಕಾದದ್ದು ಇನ್ನೂ ಹೆಚ್ಚು. ಹೋಮ್‌ಸ್ಟೇ ಎಂದು ನೋಂದಾಯಿಸಲು ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕೆಂಬ ಷರತ್ತು ಕೇಂದ್ರದ ಯೋಜನೆಯಲ್ಲೇ ಇದೆ. ಅದನ್ನು ಹಂಪಿ, ಆನೆಗೊಂದಿ, ಸಂಡೂರುಗಳಲ್ಲಿ ಬಿಗಿಯಾಗಿ ಜಾರಿ ಮಾಡಬೇಕು. ವಾಸವಿಲ್ಲದ ಮನೆಗೆ ಕಂದಾಯ ಹೆಚ್ಚಿಸಿ, ಆ ಹಣದಿಂದ ಅದೇ ಪಂಚಾಯಿತಿಯ ಕೆಲಸಗಾರರಿಗೆ ಬಾಡಿಗೆ ಮನೆ ಕಟ್ಟಿಸಬೇಕು. ಎಬ್ಬಿಸಲೇಬೇಕಾದ ಕಡೆ ಹೊಸ ಮನೆಯ ಬೀಗದ ಕೈ ಕೊಟ್ಟ ಮೇಲೆ ಹಳೆಯ ಗೋಡೆ ಮುಟ್ಟಬೇಕು.

ಸಂಡೂರಿನ ವಿಷಯದಲ್ಲಿ ಇದಕ್ಕೆ ತಡ ಮಾಡುವಂತಿಲ್ಲ. 1934ರಲ್ಲಿ ಬಂದಿದ್ದ ಗಾಂಧೀಜಿ ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕೆಂದರಂತೆ. ಮಳೆಗಾಲ ಮುಗಿಯುವ ಹೊತ್ತಿನ ಆ ಹಸಿರು ಇಂದಿಗೂ ಕುಮಾರಸ್ವಾಮಿ ಬೆಟ್ಟದ ಸುತ್ತ ಕಾಣುತ್ತದೆ. ಆದರೆ ಈ ಗುಡ್ಡಗಳ ಕಬ್ಬಿಣದ ಅದಿರು ಎಂದಾದರೊಂದು ದಿನ ಮುಗಿಯುತ್ತದೆ. ದೋಣಿಮಲೈಯಂಥ ಗಣಿ ವಸಾಹತುಗಳಲ್ಲಿ ನೌಕರಿ ಮುಗಿದ ದಿನ ಕ್ವಾರ್ಟರ್ಸ್ ಬಿಟ್ಟು ಹೋಗಬೇಕಾದವರಿಗೆ, ತಾಂಡಾಗಳ ಲಂಬಾಣಿ ಕುಟುಂಬಗಳಿಗೆ ಆಗ ಈ ಬೆಟ್ಟಗಳಲ್ಲಿ ಉಳಿಯುವ ಜೀವನ ಪ್ರವಾಸಿಗಳಿಂದಲೇ ಬರಬೇಕಾಗಬಹುದು. ಆ ಹೊತ್ತಿಗೆ ಗುಡ್ಡದ ಬುಡದ ಹೊಲಗಳೆಲ್ಲ ದೂರದೂರಿನ ಹೆಸರುಗಳಿಗೆ ಖಾತೆಯಾಗಿ, ಬೇಲಿ ಬಿದ್ದು, ಗೇಟಿಗೆ ಬೀಗ ಹಾಕಿದ್ದರೆ ಅವರು ಕೋಣೆ ಬಾಡಿಗೆಗೆ ಕೊಡಲು ನೆಲ ಎಲ್ಲಿಂದ ತರಬೇಕು? ಬೆಟ್ಟದಲ್ಲಿ ಎಷ್ಟು ಮನೆ, ಯಾರ ಮನೆ ಎಂಬ ಲೆಕ್ಕವನ್ನು ಸಂಡೂರು ತಾಲ್ಲೂಕಿನ ಗ್ರಾಮಸಭೆಗಳು ಈ ವರ್ಷವೇ, ಲೇಔಟಿನ ಕಲ್ಲು ನೆಡುವ ಮೊದಲೇ ಹಾಕಬೇಕು.