ಒಂದೇ ಪ್ರತಿಧ್ವನಿ, ಎರಡು ಉತ್ತರ

2018ರ ಮಾರ್ಚ್‌ನಲ್ಲಿ ಜಪಾನಿನ ಮ್ಯಾಕ್ಸಿ ಉಪಕರಣದ ಕಣ್ಣಿಗೆ ಹೊಸದೊಂದು ಎಕ್ಸ್‌-ರೇ ಆಕರ ಬಿತ್ತು. ಸುಮಾರು 10 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ ಕಪ್ಪುಕುಳಿಯೊಂದು ಸಂಗಾತಿ ನಕ್ಷತ್ರದ ಅನಿಲವನ್ನು ಎಳೆದು ನುಂಗತೊಡಗಿತ್ತು. ನಾಸಾದ ನೈಸರ್ ದೂರದರ್ಶಕ ಅದನ್ನು ಬೆನ್ನುಹತ್ತಿತು. ಮರುವರ್ಷ ಎರಿನ್ ಕಾರಾ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ತೀರ್ಪು ಕೊಟ್ಟರು: ಕಪ್ಪುಕುಳಿಯ ಬಳಿಯ ಕರೋನಾ ಕುಗ್ಗುತ್ತಿದೆ, ಅನಿಲದ ತಟ್ಟೆಯ ಒಳ ಅಂಚು ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇದೆ. 2021ರಲ್ಲಿ ಬಾರ್ಬರಾ ಡಿ ಮಾರ್ಕೊ ತಂಡ ನೈಸರ್‌ನ ಮಾಹಿತಿಯನ್ನೇ ಇಟ್ಟುಕೊಂಡು, ಒಳಕ್ಕೆ ಸರಿಯುತ್ತಿರುವುದು ತಟ್ಟೆಯ ಅಂಚೇ ಎಂದಿತು.

ಒಂದೇ ಆಕರ ಎರಡು ಕಥೆ ಹೇಳಿದ್ದೇಕೆ? ಕಪ್ಪುಕುಳಿಗೆ ಬೀಳುವ ಅನಿಲ ನೇರವಾಗಿ ಬೀಳದೆ ತಟ್ಟೆಯಂತೆ ಸುತ್ತುತ್ತದೆ. ಕಪ್ಪುಕುಳಿಯ ಸಮೀಪ ನೂರು ಕೋಟಿ ಡಿಗ್ರಿಯಷ್ಟು ಕಾದ ಎಲೆಕ್ಟ್ರಾನುಗಳ ಮೋಡವಿದೆ; ಅದೇ ಕರೋನಾ. ಅದರ ಎಕ್ಸ್‌-ರೇ ಸ್ವಲ್ಪ ನೇರವಾಗಿ ನಮ್ಮತ್ತ ಬರುತ್ತದೆ, ಸ್ವಲ್ಪ ತಟ್ಟೆಗೆ ಬಡಿದು ತಡವಾಗಿ ಬರುತ್ತದೆ. ಆ ತಡವೇ ಪ್ರತಿಧ್ವನಿ. 1ಎಚ್0707-495 ಎಂಬ ಗೆಲಾಕ್ಸಿಯಲ್ಲಿ ಆಂಡ್ರ್ಯೂ ಫೇಬಿಯನ್ ತಂಡ 2009ರಲ್ಲಿ ಅಳೆದ ತಡ ಸುಮಾರು 30 ಸೆಕೆಂಡ್. ಸೂರ್ಯನ ಹತ್ತರಷ್ಟು ತೂಕದ ಕಪ್ಪುಕುಳಿಯಲ್ಲಾದರೆ ಅದು ಮಿಲಿಸೆಕೆಂಡುಗಳ ಲೆಕ್ಕ.

ತಡವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಗಬೇಕಲ್ಲ? ಅಷ್ಟು ಸಲೀಸಲ್ಲ. ನಾವು ಹಿಡಿಯುವ ಪ್ರತಿ ಶಕ್ತಿಯ ಕಿರಣದಲ್ಲೂ ನೇರ ಬೆಳಕು, ಮರುಬೆಳಕು ಎರಡೂ ಕಲಸಿಕೊಂಡಿರುವುದರಿಂದ ಕಾಣುವ ತಡ ನಿಜವಾದದ್ದಕ್ಕಿಂತ ಕಡಿಮೆ. ಗುರುತ್ವ ಬೆಳಕಿನ ದಾರಿಯನ್ನೇ ಬಗ್ಗಿಸುತ್ತದೆ. ಸಾಲದ್ದಕ್ಕೆ, ತಟ್ಟೆಯಲ್ಲಿ ಎದ್ದ ಏರುಪೇರುಗಳು ನಿಧಾನವಾಗಿ ಒಳಸರಿಯುತ್ತಾ ತಮ್ಮದೇ ಇನ್ನೊಂದು ತಡವನ್ನು ಸೇರಿಸುತ್ತವೆ. ಇದನ್ನೆಲ್ಲ ಬಿಡಿಸಲು ಮಾದರಿ ಬೇಕು, ಮಾದರಿಗೆ ಊಹೆ ಬೇಕು.

ಹೆಚ್ಚು ಬಳಕೆಯ ಊಹೆ ‘ದೀಪದ ಕಂಬ’: ಕರೋನಾ ಎಂದರೆ ಕಪ್ಪುಕುಳಿಯ ಅಕ್ಷದ ಮೇಲೆ ತೂಗಿದ ಒಂದು ಬಿಂದು. ಗಣಿತಕ್ಕೆ ಬಹಳ ಅನುಕೂಲ; ನಿಸರ್ಗಕ್ಕೆ ನಮ್ಮ ಅನುಕೂಲ ಬೇಕಿಲ್ಲ. 2022ರಲ್ಲಿ ನಾಸಾದ ಐಎಕ್ಸ್‌ಪಿಇ ಉಪಗ್ರಹ ಸಿಗ್ನಸ್ ಎಕ್ಸ್-1 ಎಂಬ ಕಪ್ಪುಕುಳಿಯ ಎಕ್ಸ್‌-ರೇ ಧ್ರುವೀಕರಣವನ್ನು, ಅಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಪ್ರಮಾಣವನ್ನು, ಅಳೆಯಿತು. ಅದು ಸುಮಾರು ಶೇ 4ರಷ್ಟಿತ್ತು, ದಿಕ್ಕು ಕಪ್ಪುಕುಳಿಯ ಬಳಿಯಿಂದ ಹೊರಚಿಮ್ಮುವ ಧಾರೆಗೆ ಹೊಂದಿಕೊಂಡಿತ್ತು. ಅಂದರೆ ಅಲ್ಲಿನ ಕರೋನಾ ಕಂಬದ ತುದಿಯ ಬಿಂದುವಲ್ಲ, ತಟ್ಟೆಯ ಸಮತಲದಲ್ಲಿ ಹರಡಿಕೊಂಡದ್ದು. ಇನ್ನೊಂದು ಮುಜುಗರವೂ ಇದೆ. ಹಲವು ಆಕರಗಳಲ್ಲಿ ಮರುಬೆಳಕಿನ ರೋಹಿತವನ್ನು, ಅಂದರೆ ಅದರ ಶಕ್ತಿವಾರು ಹಂಚಿಕೆಯನ್ನು, ವಿವರಿಸಲು ಮಾದರಿಗಳು ಸೂರ್ಯನಲ್ಲಿರುವುದಕ್ಕಿಂತ ಹಲವು ಪಟ್ಟು ಕಬ್ಬಿಣವನ್ನು ಕೇಳುತ್ತವೆ. ತಟ್ಟೆಯ ಸಾಂದ್ರತೆಯನ್ನು ಏರಿಸಿ ಲೆಕ್ಕ ಹಾಕಿದಾಗ ಕೆಲವೆಡೆ ಈ ಬೇಡಿಕೆ ಇಳಿದಿದೆ. ಕಬ್ಬಿಣದ ಹೆಚ್ಚಳದ ಒಂದು ಪಾಲಾದರೂ ಆಕಾಶದಲ್ಲಿರಲಿಲ್ಲ, ಲೆಕ್ಕದಲ್ಲಿತ್ತು.

ಹಾಗೆಂದು ಈ ವಿಧಾನ ಹುಸಿಯಲ್ಲ. ದೂರದರ್ಶಕಕ್ಕೆ ಬಿಂದುವಾಗಿಯಷ್ಟೇ ಕಾಣುವ ಜಾಗವನ್ನು ಕಾಲದ ಮೂಲಕ ಅಳೆಯುವ ದಾರಿಗಳು ಹೆಚ್ಚಿಲ್ಲ. ಆದರೆ ಇಂಥ ಮಾದರಿಗಳಿಂದಲೇ ಕಪ್ಪುಕುಳಿಯ ತಿರುಗುವಿಕೆಯನ್ನು ಲೆಕ್ಕಹಾಕಿ ಎರಡು ದಶಮಾಂಶದವರೆಗೆ ಘೋಷಿಸುವ ಪ್ರಬಂಧಗಳು ಯಾವ ಆಕಾರದ ಕರೋನಾ ಎಂಬ ಷರತ್ತನ್ನೂ ಅದೇ ಸಾಲಿನಲ್ಲಿ ಹೇಳಬೇಕು. ಅಂಕಿಯ ಜೊತೆಗಿರುವ ದೋಷದ ವ್ಯಾಪ್ತಿ ಮಾದರಿಯೊಳಗಿನ ಅನುಮಾನವನ್ನಷ್ಟೇ ಹೇಳುತ್ತದೆ, ಮಾದರಿಯ ಮೇಲಿನ ಅನುಮಾನವನ್ನಲ್ಲ.

ತಡ, ರೋಹಿತ, ಧ್ರುವೀಕರಣ ಮೂರನ್ನೂ ಒಟ್ಟಿಗೆ ವಿವರಿಸಲಾಗದ ಮಾದರಿಯನ್ನು ತಾತ್ಕಾಲಿಕವೆಂದೇ ಎಣಿಸಬೇಕು. ಇಲ್ಲಿ ಬೆಂಗಳೂರಿಗೂ ಪಾತ್ರವಿದೆ. 2024ರ ಜನವರಿ 1ರಂದು ಇಸ್ರೊ ಹಾರಿಸಿದ ಎಕ್ಸ್‌ಪೋಸ್ಯಾಟ್‌ನ ಧ್ರುವೀಕರಣಮಾಪಕ ಪೋಲಿಕ್ಸ್ ತಯಾರಾದದ್ದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಐಎಕ್ಸ್‌ಪಿಇ 8 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗೆ ನಿಂತರೆ ಪೋಲಿಕ್ಸ್ ಅಲ್ಲಿಂದ 30ರವರೆಗೆ ನೋಡಬಲ್ಲದು. 2015ರಲ್ಲಿ ಹಾರಿದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಮಾಹಿತಿ ಭಂಡಾರ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ, ಸಾರ್ವಜನಿಕರಿಗೂ ತೆರೆದಿದೆ. ನಮ್ಮ ವಿಶ್ವವಿದ್ಯಾಲಯಗಳ ಭೌತವಿಜ್ಞಾನ ವಿಭಾಗಗಳು ಎಂ.ಎಸ್ಸಿ. ಪ್ರಾಜೆಕ್ಟುಗಳಿಗೆ ಈ ಮಾಹಿತಿಯನ್ನು ಕೈಗೆತ್ತಿಕೊಳ್ಳಲಿ.