ರವಿಕೆಗೆ ತೆಗೆಯುವ ಅಳತೆ ರಕ್ಷಾಕವಚಕ್ಕೆ ಏಕಿಲ್ಲ?

ಗಣೇಶ ವಿಸರ್ಜನೆಯ ಮೆರವಣಿಗೆ ನಮ್ಮ ಬೀದಿಯಲ್ಲೇ ಹಾದುಹೋಗುತ್ತದೆ. ಒಂದು ವರ್ಷ ಬಂದೋಬಸ್ತ್‌ಗೆ ಬಂದಿದ್ದ ಮಹಿಳಾ ಪೇದೆಯೊಬ್ಬರು ಮಧ್ಯಾಹ್ನ ಎರಡರ ಸುಮಾರಿಗೆ ನಮ್ಮ ಮನೆಯ ಬಾಗಿಲು ತಟ್ಟಿದರು. ಬಚ್ಚಲಿಗೆ ಹೋಗಬೇಕಿತ್ತು, ಕೇಳಲು ಸಂಕೋಚ. ಎದೆ, ಬೆನ್ನು, ಭುಜ ಮುಚ್ಚುವ ಬಾಡಿ ಪ್ರೊಟೆಕ್ಟರ್ ಬಿಚ್ಚಲು ಅವರೊಬ್ಬರಿಂದ ಆಗಲಿಲ್ಲ. ಹಿಂದಿನ ಪಟ್ಟಿಗಳನ್ನು ನಾನೇ ಬಿಡಿಸಿದೆ. ಕಂಕುಳ ಹತ್ತಿರ ಅದರ ಅಂಚು ಉಜ್ಜಿ ಅಂಗಿಯ ಒಳಗೆ ಚರ್ಮ ಸುಲಿದಿತ್ತು. ಮೊಣಕಾಲಿಗೆ ನಿಲ್ಲಬೇಕಾದ ಶಿನ್ ಗಾರ್ಡ್ ತೊಡೆಯವರೆಗೆ ಬಂದಿತ್ತು. ಹೆಲ್ಮೆಟ್ಟು ತುರುಬಿನ ಮೇಲೆ ಕೂತು ಹಣೆಗೆ ಜಾರುತ್ತಿತ್ತು. “ಬೆಳಿಗ್ಗೆ ಆರಕ್ಕೆ ಹಾಕ್ಕೊಂಡಿದ್ದು ಅಕ್ಕಾ. ಬಿಚ್ಚೋದು ಕಷ್ಟ ಅಂತ ನೀರೇ ಕುಡಿದಿಲ್ಲ” ಎಂದರು. ಮತ್ತೆ ಕಟ್ಟಿಕೊಂಡು ಹೊರಡುವಾಗ, “ಗಲಾಟೆ ಆದ್ರೆ ಒಂದು ಕೈಲಿ ಇದನ್ನ ಹಿಡ್ಕೊಂಡೇ ಓಡಬೇಕು” ಎಂದರು. ದೂರಿನ ದನಿ ಇರಲಿಲ್ಲ. ಮಳೆ ಬಂದರೆ ಕೊಡೆ ಹಿಡಿಯಬೇಕು ಎನ್ನುವಷ್ಟು ಸಹಜವಾಗಿ ಹೇಳಿದರು. ಅದೇ ನನ್ನನ್ನು ಹೆಚ್ಚು ಕಾಡಿದ್ದು.

ರವಿಕೆ ಹೊಲಿಸಲು ಹೋದಾಗ ನಾವು ಬಟ್ಟೆಯ ಜೊತೆಗೆ ಒಂದು ಅಳತೆ ರವಿಕೆಯನ್ನೂ ಕೊಡುತ್ತೇವೆ. ಹಾಗಿದ್ದರೂ ದರ್ಜಿ ಟೇಪು ತೆಗೆದು ತೋಳು, ಎದೆ, ಸೊಂಟ ಇನ್ನೊಮ್ಮೆ ನೋಡುತ್ತಾರೆ. ಮದುವೆ ಮನೆಯಲ್ಲಿ ಒಂದು ದಿನ ತೊಡುವ ಬಟ್ಟೆಗೆ ಇಷ್ಟು ಮುತುವರ್ಜಿ. ಕಲ್ಲೇಟು, ಚಾಕು, ಬೆಂಕಿಯ ಎದುರು ನಿಲ್ಲುವ ಹೆಂಗಸಿಗೆ ಮಾತ್ರ ಗಂಡಸಿಗೆಂದು ಕತ್ತರಿಸಿದ ಕವಚದ ‘ಸ್ಮಾಲ್’ ಸೈಜನ್ನು ಉಗ್ರಾಣದಿಂದ ತೆಗೆದು ಕೊಟ್ಟರೆ ಸರ್ಕಾರದ ಹೊಣೆ ಮುಗಿಯಿತೇ? ಮುಗಿಯಲಿಲ್ಲ. ಮೈಗೆ ಹೊಂದದ ರಕ್ಷಾಕವಚವನ್ನು ಕವಚವೆಂದು ಲೆಕ್ಕಕ್ಕೆ ಹಿಡಿಯಲೇಬಾರದು ಎನ್ನುವುದು ನನ್ನ ವಾದ.

ಸಮವಸ್ತ್ರದ ಮಾತು ಬೇರೆ. ಖಾಕಿ ದೊಗಲೆಯಾದರೆ ಊರ ದರ್ಜಿ ಸಂಜೆಯೊಳಗೆ ಹಿಡಿದುಕೊಡುತ್ತಾನೆ. ರಕ್ಷಾಕವಚಕ್ಕೆ ಆ ದಾರಿ ಇಲ್ಲ. ಅಗ್ನಿಶಾಮಕರ ಫೈರ್ ಸೂಟಿನಲ್ಲಿ ಮೂರು ಪದರಗಳಿರುತ್ತವೆ: ಜ್ವಾಲೆ ತಡೆಯುವ ಹೊರಪದರ, ನೀರು ಮತ್ತು ಹಬೆ ಒಳಬರದಂತೆ ತಡೆಯುವ ನಡುಪದರ, ಶಾಖ ತಡೆಯುವ ಒಳಪದರ. ಹಿಡಿಸಲು ಹೋಗಿ ಸೂಜಿ ಚುಚ್ಚಿದರೆ ನಡುಪದರಕ್ಕೆ ತೂತು. ಗುಂಡು ತಡೆಯುವ ಜಾಕೆಟ್ಟಿನ ಒಳಗಿನ ಫಲಕಕ್ಕಂತೂ ಕತ್ತರಿ ಹಾಕುವಂತೆಯೇ ಇಲ್ಲ. ಕಾರ್ಖಾನೆಯಲ್ಲಿ ಕತ್ತರಿಸುವಾಗಲೇ ಸರಿಯಾಗಬೇಕು. ಅಂದರೆ ಟೆಂಡರ್ ಬರೆಯುವಾಗಲೇ ಸರಿಯಾಗಬೇಕು.

ಸರಿಯಾಗದಿದ್ದರೆ ಆಗುವುದು ಬರೀ ಕಿರಿಕಿರಿಯಲ್ಲ. ಫೈರ್ ಸೂಟು ಶಾಖವನ್ನು ತಡೆಯುವುದು ಬಟ್ಟೆಯಿಂದಷ್ಟೇ ಅಲ್ಲ, ಪದರಗಳ ನಡುವೆ ನಿಂತ ಗಾಳಿಯಿಂದಲೂ. ಗಂಡಸಿನ ಅಳತೆಯ ಸೂಟು ಹೆಂಗಸಿನ ಸೊಂಟ, ಎದೆಯ ಬಳಿ ಬಿಗಿಯುತ್ತದೆ. ಬಿಗಿದಲ್ಲಿ ಗಾಳಿ ಇರುವುದಿಲ್ಲ, ಶಾಖ ನೇರ ಚರ್ಮಕ್ಕೆ ಇಳಿಯುತ್ತದೆ. ಭುಜ, ಕತ್ತು, ಮಣಿಕಟ್ಟಿನ ಬಳಿ ಅದೇ ಸೂಟು ಜೋಲುತ್ತದೆ, ಆ ಸಂದಿನಿಂದ ಬಿಸಿ ಗಾಳಿ ಒಳನುಗ್ಗುತ್ತದೆ. ಒಂದೇ ಬಟ್ಟೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಹೀಗಾಗಿ ‘ಒಂದು ಸೈಜು ಚಿಕ್ಕದು ಕೊಡಿ’ ಎಂಬ ಪರಿಹಾರ ಕೆಲಸಕ್ಕೆ ಬರುವುದಿಲ್ಲ. ಕೈಗವಸಿನ ಬೆರಳ ತುದಿ ಖಾಲಿ ಉಳಿದರೆ ಹಗ್ಗದ ಗಂಟು ಕೈಗೆ ಸಿಗುವುದಿಲ್ಲ. ಬೂಟಿನೊಳಗೆ ಪಾದ ಓಲಾಡಿದರೆ ಏಣಿಯ ಮೆಟ್ಟಿಲು ತಪ್ಪುತ್ತದೆ. ಉಸಿರಾಟದ ಸಾಧನದ ಮುಖಗವಸು ಗಲ್ಲಕ್ಕೆ ಕೂರದಿದ್ದರೆ ಸಂದಿನಿಂದ ಗಾಳಿ ಸೋರಿ, ಹೊಗೆ ತುಂಬಿದ ಕೋಣೆಯಲ್ಲಿದ್ದಾಗಲೇ ಸಿಲಿಂಡರು ಹೊತ್ತಿಗೆ ಮೊದಲು ಬರಿದಾಗುತ್ತದೆ.

ಪೊಲೀಸ್ ಕವಚದ ಕಥೆಯೂ ಇಂಥದ್ದೇ. ಚಪ್ಪಟೆ ಎದೆಗೆ ಮಾಡಿದ ಫಲಕ ಹೆಂಗಸಿನ ಎದೆಯ ಮೇಲೆ ಎತ್ತರಕ್ಕೆ ನಿಲ್ಲುತ್ತದೆ. ಕೆಳಗೆ ಹೊಟ್ಟೆಯ ಬಳಿ, ಪಕ್ಕದಲ್ಲಿ ಕಂಕುಳ ಬಳಿ ತೆರಪು ಬೀಳುತ್ತದೆ. ಜೀಪಿನಲ್ಲಿ ಕೂತರೆ ಕವಚ ಮೇಲೇರಿ ಗಂಟಲಿಗೆ ಒತ್ತುತ್ತದೆ. ಇಡೀ ದಿನ ಉಸಿರು ಅರ್ಧವೇ. 1997ರಲ್ಲಿ ಲಂಡನ್ನಿನಲ್ಲಿ ಯುವ ಮಹಿಳಾ ಪೊಲೀಸ್ ಒಬ್ಬರು ಆರೋಪಿಯೊಬ್ಬನ ಮನೆಯ ಬಾಗಿಲನ್ನು ಯಂತ್ರದಿಂದ ಒಡೆಯಬೇಕಿತ್ತು. ಕವಚ ತೊಟ್ಟು ಆ ಯಂತ್ರ ಹಿಡಿಯಲಾಗದೆ ಅದನ್ನು ಕಳಚಿಟ್ಟರು. ಒಳಗೆ ಕಾಲಿಟ್ಟಾಗ ಚಾಕುವಿನ ಇರಿತಕ್ಕೆ ಬಲಿಯಾದರು. ಎರಡು ವರ್ಷದ ನಂತರ ಬ್ರಿಟನ್ನಿನದೇ ಇನ್ನೊಬ್ಬ ಅಧಿಕಾರಿ, ಕವಚದಿಂದಾದ ಆರೋಗ್ಯದ ತೊಂದರೆ ತಾಳಲಾರದೆ ಸ್ತನದ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆನೆಂದು ಬಹಿರಂಗವಾಗಿ ಹೇಳಿದರು. ಕವಚಕ್ಕಾಗಿ ಮೈಯನ್ನೇ ಕತ್ತರಿಸಿಕೊಳ್ಳಬೇಕಾಯಿತು. ಅವರು ಬಾಯಿ ಬಿಟ್ಟ ಮೇಲೆ ಅದೇ ಪಡೆಯ 700 ಮಹಿಳೆಯರು ದೂರು ಹೇಳಲು ಮುಂದೆ ಬಂದರು. ಅಲ್ಲಿಯವರೆಗೆ ಅವರೂ, ನಮ್ಮ ಮನೆಗೆ ಬಂದಿದ್ದ ಪೇದೆಯ ಹಾಗೆ, ಇದು ನೌಕರಿಯ ಭಾಗ ಎಂದು ನುಂಗಿಕೊಂಡಿದ್ದರು.

ಇದು ನಾಲ್ಕಾರು ಜನರ ಕೊರಗು ಎನ್ನುವವರು 2017ರಲ್ಲಿ ಬ್ರಿಟನ್ನಿನ ಕಾರ್ಮಿಕ ಸಂಘಟನೆಗಳ ಒಕ್ಕೂಟ ಟಿಯುಸಿ ಹೊರತಂದ ವರದಿಯನ್ನು ನೋಡಬೇಕು. ತಾವು ತೊಡುವ ರಕ್ಷಣಾ ಸಾಧನ ಮಹಿಳೆಯರಿಗೆಂದೇ ತಯಾರಾದದ್ದು ಎಂದವರು ಶೇ 29 ಮಾತ್ರ. ಅದರಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದವರು ಶೇ 57. ಎಲ್ಲಕ್ಕಿಂತ ಕೆಟ್ಟ ಸ್ಥಿತಿ ತುರ್ತುಸೇವೆಗಳದ್ದು. ಅಲ್ಲಿ ‘ಎಂದೂ ಅಡ್ಡಿಯಾಗಿಲ್ಲ’ ಎಂದ ಮಹಿಳೆಯರು ಶೇ 5. ಅಮೆರಿಕದ ಅಗ್ನಿಶಾಮಕರ ಬಗ್ಗೆ 2008ರಲ್ಲಿ ಬಂದ ಅಧ್ಯಯನದಲ್ಲಿ, ಹೊಂದದ ಸಲಕರಣೆಯಿಂದ ತೊಂದರೆ ಅನುಭವಿಸಿದ ಮಹಿಳೆಯರು ಸುಮಾರು ಶೇ 80, ಗಂಡಸರು ಶೇ 21. ಇವು ಹಣವಿರುವ, ಕಾನೂನಿರುವ ದೇಶಗಳ ಅಂಕಿಗಳು.

ನಮ್ಮಲ್ಲಿ ಈ ಪ್ರಶ್ನೆ ಎತ್ತಿದ ಕೂಡಲೇ ಮೊದಲು ಬರುವ ಉತ್ತರ ‘ಹೆಂಗಸರು ಎಷ್ಟು ಜನ ಇದ್ದಾರೆ?’ ಎಂಬುದು. ದೇಶದ ಪೊಲೀಸ್ ಪಡೆಗಳಲ್ಲಿ ಮಹಿಳೆಯರ ಪಾಲು ಶೇ 12ರ ಆಸುಪಾಸಿನಲ್ಲಿದೆ, ನಿಜ. ಆದರೆ ಅದನ್ನು ಶೇ 33ಕ್ಕೆ ಏರಿಸಿ ಎಂದು ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಸಲಹೆ ಕೊಟ್ಟದ್ದು 2013ರಲ್ಲಿ. ಒಂದು ಕೈಯಲ್ಲಿ ಬನ್ನಿ ಎಂದು ಕರೆದು ಇನ್ನೊಂದು ಕೈಯಲ್ಲಿ ಗಂಡಸಿನ ಕವಚ ಕೊಟ್ಟರೆ ಬಂದವರು ಉಳಿಯುವುದು ಹೇಗೆ? ಈ ವಾದ ತನ್ನ ಬಾಲವನ್ನೇ ಕಚ್ಚಿಕೊಂಡು ಸುತ್ತುತ್ತದೆ. ಹೆಂಗಸರು ಕಡಿಮೆ, ಆದ್ದರಿಂದ ಅವರ ಅಳತೆ ಬೇಡ. ಅಳತೆ ಇಲ್ಲ, ಆದ್ದರಿಂದ ಅವರ ಕೆಲಸ ನಿಧಾನ. ಕೆಲಸ ನಿಧಾನ, ಆದ್ದರಿಂದ ಅವರನ್ನು ಠಾಣೆಯ ಒಳಗಿನ ಕೆಲಸಕ್ಕೆ ಹಾಕಿ. ಒಳಗೇ ಕೂರುವವರಿಗೆ ಕವಚವೇಕೆ?

ಈ ಸುತ್ತಿನಲ್ಲಿ ನನಗೆ ಸಿಟ್ಟು ತರಿಸುವುದು ಎರಡನೆಯ ಮಾತು. ಎರಡು ಸೈಜು ದೊಡ್ಡ ಬೂಟು ಹಾಕಿ ಓಡಿಸಿ, ಹಿಂದೆ ಬಿದ್ದರೆ ‘ಹೆಂಗಸರ ಕೈಲಾಗದು’ ಎನ್ನುವುದು ಪರೀಕ್ಷೆಯಲ್ಲ, ಅನ್ಯಾಯ. ಯಾವ ಗಂಡಸನ್ನಾದರೂ ಎದೆ ಬಿಗಿಯುವ, ತೋಳು ಜೋಲುವ ಜಾಕೆಟ್ಟಿನಲ್ಲಿ ಗೋಡೆ ಹತ್ತಿಸಿ ನೋಡಿ. ಬಿದ್ದದ್ದು ಅವನೋ ಜಾಕೆಟ್ಟೋ ಎಂದು ಆಗ ತಿಳಿಯುತ್ತದೆ.

ಹೆಂಗಸರ ಕೈಲಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ಬಹಳ ಕಾಲವಾಯಿತು. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿಗೆ ಹರ್ಷಿಣಿ ಕಾನ್ಹೇಕರ್ ಮೊದಲ ವಿದ್ಯಾರ್ಥಿನಿಯಾಗಿ ಸೇರಿದ್ದು 2002ರಲ್ಲಿ. ಚೆನ್ನೈನ ಚೇಪಾಕ್‌ನಲ್ಲಿರುವ ಎಳಿಲಗಂ ಆವರಣದ ಹಳೆಯ ಕಟ್ಟಡಕ್ಕೆ 2012ರ ಜನವರಿಯಲ್ಲಿ ಬೆಂಕಿ ಬಿದ್ದಾಗ ಮುಂದೆ ನಿಂತು ಕಾದಾಡಿ ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದವರಲ್ಲಿ ಅಧಿಕಾರಿ ಪ್ರಿಯಾ ರವಿಚಂದ್ರನ್ ಒಬ್ಬರು. ಆ ಧೈರ್ಯಕ್ಕೆ ತಮಿಳುನಾಡು ಸರ್ಕಾರ ಅವರಿಗೆ ಅಣ್ಣಾ ಪದಕ ಕೊಟ್ಟಿತು. ಹೆಂಗಸರು ಬೆಂಕಿಯೊಳಗೆ ಹೋಗಿಯಾಗಿದೆ. ಇನ್ನು ಅವರನ್ನು ಏನು ತೊಡಿಸಿ ಕಳಿಸುತ್ತೀರಿ ಎಂಬ ಪ್ರಶ್ನೆಯೊಂದೇ ಉಳಿದಿರುವುದು.

ಕರ್ನಾಟಕದಲ್ಲಿ ಬಟ್ಟೆಯ ಜಗಳ ಒಮ್ಮೆ ಆಗಿಹೋಗಿದೆ. 2018ರಲ್ಲಿ ಆಗಿನ ಪೊಲೀಸ್ ಮಹಾನಿರ್ದೇಶಕಿ ನೀಲಮಣಿ ಎನ್. ರಾಜು, ಕರ್ತವ್ಯದಲ್ಲಿರುವ ಮಹಿಳಾ ಸಿಬ್ಬಂದಿ ಖಾಕಿ ಸೀರೆ ಬಿಟ್ಟು ಪ್ಯಾಂಟು ಶರ್ಟು ತೊಡಬೇಕೆಂದು ಸೂಚಿಸಿದರು. ರಾಜ್ಯದ ಪೊಲೀಸ್ ಪಡೆಯನ್ನು ಮುನ್ನಡೆಸಿದ ಮೊದಲ ಮಹಿಳೆ ಅವರು. ಸೀರೆಯುಟ್ಟು ಕಳ್ಳನ ಹಿಂದೆ ಓಡುವುದು, ಗುಂಪು ಚದುರಿಸುವುದು ಕಷ್ಟ ಎಂಬುದು ಯಾರೂ ಅಲ್ಲಗಳೆಯಲಾಗದ ಕಾರಣ. ಆ ಆದೇಶ ಸರಿಯೆಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೆ ನಮ್ಮ ಮಾತೆಲ್ಲ ಸೀರೆ ಚೆಂದವೋ ಪ್ಯಾಂಟು ಚೆಂದವೋ ಎಂಬಲ್ಲೇ ನಿಂತಿತು. ಹೆಂಗಸಿನ ಬಟ್ಟೆಯೆಂದರೆ ನಮಗೆ ಮರ್ಯಾದೆಯ ಚರ್ಚೆ. ಅದು ಕೆಲಸದ ಸಲಕರಣೆ, ಲಾಠಿಯಷ್ಟೇ, ವಾಕಿಟಾಕಿಯಷ್ಟೇ ಕೆಲಸದ ಸಲಕರಣೆ ಎಂಬ ತಿಳಿವಳಿಕೆಗೆ ನಾವಿನ್ನೂ ಬಂದಿಲ್ಲ. ಮಹಿಳಾ ಪೊಲೀಸರ ಪಡೆಗಳಿಗೆ ಓಬವ್ವನ ಹೆಸರಿಟ್ಟಿದ್ದೇವೆ, ಚೆನ್ನಮ್ಮನ ಹೆಸರಿಟ್ಟಿದ್ದೇವೆ. ಹೆಸರಿನ ಜೊತೆಗೆ ಅಳತೆಯೂ ಬೇಕು.

ಬಚ್ಚಲಿನ ಮಾತನ್ನು ನಾಚಿಕೆಯಿಲ್ಲದೆ ಆಡಬೇಕಾಗಿದೆ. ಕೊರೊನಾ ಕಾಲದಲ್ಲಿ ಅಡಿಯಿಂದ ಮುಡಿಯವರೆಗೆ ಒಂದೇ ತುಂಡಿನ ಪಿಪಿಇ ಕಿಟ್ ತೊಟ್ಟ ನರ್ಸುಗಳನ್ನೂ 108 ಆಂಬುಲೆನ್ಸಿನಲ್ಲಿ ಬಂದ ಸಿಬ್ಬಂದಿಯನ್ನೂ ನಾವೆಲ್ಲ ನೋಡಿದ್ದೇವೆ. ಜಗತ್ತಿನ ಆರೋಗ್ಯ ಸಿಬ್ಬಂದಿಯಲ್ಲಿ ಸುಮಾರು ಶೇ 70 ಹೆಂಗಸರು. ಆದರೂ ಆ ಕಿಟ್ಟಿನಲ್ಲಿ ಪೂರ್ತಿ ಬಿಚ್ಚದೆ ಹೆಂಗಸು ಮೂತ್ರಕ್ಕೆ ಹೋಗಲಾಗದು, ಮುಟ್ಟಿನ ದಿನ ಬಟ್ಟೆ ಬದಲಿಸಲಾಗದು. ಬಿಚ್ಚಿದರೆ ಕಿಟ್ ಎಸೆಯಬೇಕು. ಹೀಗಾಗಿ ನೀರು ಕುಡಿಯದೇ ಇರುವುದು ಒಂದು ಉಪಾಯವಾಯಿತು, ಮೂತ್ರದ ಸೋಂಕು ಅದರ ಬೆಲೆಯಾಯಿತು. ಬಂದೋಬಸ್ತಿನ ಪೇದೆಯೂ ಅದೇ ಉಪಾಯ ಮಾಡುತ್ತಾರೆ. ಸೊಂಟದಲ್ಲಿ ಬೇರೆಯಾಗುವ ವಿನ್ಯಾಸ, ಒಬ್ಬರೇ ಬಿಡಿಸಿಕೊಳ್ಳಬಲ್ಲ ಪಟ್ಟಿಗಳು, ತುರುಬಿಗೆ ಜಾಗವಿರುವ ಹೆಲ್ಮೆಟ್ಟು. ಇವುಗಳಲ್ಲಿ ರಾಕೆಟ್ ವಿಜ್ಞಾನ ಯಾವುದು?

ರಾಕೆಟ್ ಹಾರಿಸುವವರೂ ಇಲ್ಲಿ ಎಡವಿದ್ದಾರೆ. 2019ರ ಮಾರ್ಚಿನಲ್ಲಿ ಇಬ್ಬರು ಮಹಿಳೆಯರ ಮೊದಲ ಬಾಹ್ಯಾಕಾಶ ನಡಿಗೆಯ ತಂಡವನ್ನು ನಾಸಾ ಕೊನೆಗಳಿಗೆಯಲ್ಲಿ ಬದಲಿಸಿತು. ಇಬ್ಬರಿಗೂ ಬೇಕಿದ್ದ ಮಧ್ಯಮ ಅಳತೆಯ ಸೂಟಿನ ಮೇಲ್ಭಾಗ ಸಿದ್ಧವಿದ್ದದ್ದು ಒಂದೇ. ಆದರೆ ಅಲ್ಲಿ ನಡೆದುಕೊಂಡ ರೀತಿ ಗಮನಿಸಿ. ‘ಇರುವುದನ್ನೇ ತೊಟ್ಟು ಹೋಗು’ ಎನ್ನಲಿಲ್ಲ. ಕೆಲಸಕ್ಕೆ ಜನ ಬದಲಾಯಿಸಿ, ಇನ್ನೊಂದು ಸೂಟು ಸಿದ್ಧಪಡಿಸಿದರು. ಅದೇ ವರ್ಷದ ಅಕ್ಟೋಬರ್ 18ರಂದು ಕ್ರಿಸ್ಟಿನಾ ಕೋಕ್ ಮತ್ತು ಜೆಸ್ಸಿಕಾ ಮೀರ್ ಜೊತೆಯಾಗಿ ನಡೆದರು.

ಖರ್ಚು ಹೆಚ್ಚು ಎನ್ನುವ ಆಕ್ಷೇಪವೂ ಇದೆ. ಹತ್ತು ಸಾವಿರ ಕವಚ ಕೊಳ್ಳುವಾಗ ಅದರಲ್ಲಿ ಸಾವಿರವನ್ನು ಬೇರೆ ಅಚ್ಚಿನಲ್ಲಿ ಮಾಡಿಸಿದರೆ ಸ್ವಲ್ಪ ಹೆಚ್ಚು ತಗಲಬಹುದು. ಕಳಚಿಟ್ಟ ಕವಚಕ್ಕೆ ಕೊಟ್ಟ ಹಣ ಮಾತ್ರ ಪೂರ್ತಿ ನಷ್ಟ. ಪಟ್ಟಿ ಬಿಗಿದರೆ ಎಲ್ಲರಿಗೂ ಆಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಪಟ್ಟಿ ಬಿಗಿದರೆ ಸುತ್ತಳತೆ ಕಡಿಮೆಯಾಗುತ್ತದೆ, ಆಕಾರ ಬದಲಾಗುವುದಿಲ್ಲ.

ತಂತ್ರಜ್ಞಾನ ಇಲ್ಲವೆಂಬ ನೆಪವಂತೂ ಬೇಡ. ಡಿಆರ್‌ಡಿಒದ ದೆಹಲಿಯ ಪ್ರಯೋಗಾಲಯ ಡಿಪಾಸ್, ಸಿಆರ್‌ಪಿಎಫ್‌ನ ಮಹಿಳೆಯರಿಗೆಂದೇ ಗಲಭೆ ನಿಯಂತ್ರಣದ ಕವಚವನ್ನು ರೂಪಿಸಿದೆ. ಆದರೆ ಸಿಆರ್‌ಪಿಎಫ್ ತನ್ನ ಮೊದಲ ಮಹಿಳಾ ಬೆಟಾಲಿಯನ್ ಕಟ್ಟಿದ್ದು 1986ರಲ್ಲಿ. ಕವಚ ಬರಲು ಮೂರು ದಶಕ ಬೇಕಾಯಿತು. ಭಾರತೀಯರ ಮೈ ಅಳತೆಯ ಪಟ್ಟಿಯೇ ಇಲ್ಲದೆ ಅಮೆರಿಕ, ಬ್ರಿಟನ್ನಿನ ಸೈಜುಗಳನ್ನು ಎರವಲು ತಂದು ಹೊಲಿಯುತ್ತ ಬಂದ ದೇಶ ನಮ್ಮದು. ಅದನ್ನು ಸರಿಪಡಿಸಲೆಂದೇ ನಿಫ್ಟ್ ಸಂಸ್ಥೆ ಆರು ನಗರಗಳಲ್ಲಿ 25 ಸಾವಿರ ಜನರನ್ನು ಸ್ಕ್ಯಾನರಿನಲ್ಲಿ ಅಳೆಯುವ ‘ಇಂಡಿಯಾಸೈಜ್’ ಯೋಜನೆ ಕೈಗೊಂಡಿತು. ಅಂಗಡಿಯ ಕುರ್ತಾಕ್ಕೆಂದು ತೆಗೆದ ಆ ಅಳತೆ ಮೊದಲು ಬಳಕೆಯಾಗಬೇಕಾದದ್ದು ಇಲ್ಲಿ.

ಬ್ರಿಟನ್ನಿನಲ್ಲಿ 1992ರಿಂದಲೂ, ತೊಡುವವರಿಗೆ ಸರಿಯಾಗಿ ಹೊಂದದ ಸಾಧನ ‘ತಕ್ಕ ಸಾಧನ’ವೇ ಅಲ್ಲವೆಂಬ ನಿಯಮವಿದೆ. ಕಟ್ಟಡ ಕೆಲಸಗಾರರ ರಕ್ಷಣಾ ಸಾಧನ ಮೈಗೆ ಸರಿಹೊಂದಲೇಬೇಕು ಎಂಬ ನಿಯಮ ಅಮೆರಿಕದಲ್ಲಿ ಜಾರಿಗೆ ಬಂದದ್ದು 2025ರ ಜನವರಿ 13ರಂದು. ನಿಯಮವಿದ್ದೂ ಬ್ರಿಟನ್ನಿನಲ್ಲಿ 1997ರ ಸಾವು ತಪ್ಪಲಿಲ್ಲ, 2017ರ ಅಂಕಿಗಳೂ ತಪ್ಪಲಿಲ್ಲ. ಆದ್ದರಿಂದ ಕಾಗದದ ಮೇಲೆ ಒಂದು ಸಾಲು ಬರೆದರೆ ಸಾಲದು, ಟೇಪು ಹಿಡಿದು ಮೈಯ ಹತ್ತಿರ ಹೋಗಬೇಕು.

ರಾಜ್ಯದ ಗೃಹ ಇಲಾಖೆಗೆ, ಪೊಲೀಸ್ ಮತ್ತು ಅಗ್ನಿಶಾಮಕ ಇಲಾಖೆಗಳಿಗೆ ನನ್ನ ಬೇಡಿಕೆ ದೊಡ್ಡದಲ್ಲ. ತರಬೇತಿ ಶಾಲೆಗೆ ಸೇರುವ ದಿನವೇ ಪ್ರತಿ ಮಹಿಳೆಯ ಅಳತೆ ತೆಗೆಯಿರಿ, ತೆಗೆಯಲು ಹೆಂಗಸರನ್ನೇ ಕಳಿಸಿ. ಹೆಂಗಸರ ಅಚ್ಚಿನ ಸೈಜುಗಳು ಎಷ್ಟೆಷ್ಟು ಬೇಕೆಂದು ಬರೆಯದ ಇಂಡೆಂಟನ್ನು ಖರೀದಿ ಸಮಿತಿ ಹಿಂದಕ್ಕೆ ಕಳಿಸಲಿ. ಮಾದರಿ ಬಂದಾಗ ಅದನ್ನು ಮೇಜಿನ ಮೇಲಿಟ್ಟು ನೋಡಿ ಸಹಿ ಹಾಕಬೇಡಿ. ಮಹಿಳಾ ಪೇದೆಯರಿಗೆ, ಅಗ್ನಿಶಾಮಕ ಸಿಬ್ಬಂದಿಗೆ ತೊಡಿಸಿ ಓಡಿಸಿ, ಏಣಿ ಹತ್ತಿಸಿ, ಜೀಪಿನಲ್ಲಿ ಕೂರಿಸಿ. ಸಹಿ ಅವರದ್ದೂ ಇರಲಿ. ಗರ್ಭಿಣಿಯರ ಅಳತೆ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಅವರಿಗೆ ಹೊಂದುವುದು ಸಿಗುವವರೆಗೆ ಗಲಭೆಯ ಮುಂದಿನ ಸಾಲಿಗೆ ಕಳಿಸಬೇಡಿ.

ಇದನ್ನು ಓದುತ್ತಿರುವ ಶಾಸಕರೊಬ್ಬರಾದರೂ ಮುಂದಿನ ಅಧಿವೇಶನದಲ್ಲಿ ಒಂದು ಪ್ರಶ್ನೆ ಕೇಳಲಿ: ಈ ರಾಜ್ಯದ ಉಗ್ರಾಣಗಳಲ್ಲಿರುವ ರಕ್ಷಾಕವಚಗಳಲ್ಲಿ ಹೆಂಗಸರ ಅಳತೆಗೆ ಮಾಡಿಸಿದವು ಎಷ್ಟು? ಉತ್ತರವನ್ನು ಜಿಲ್ಲಾವಾರು ಸದನದ ಮುಂದಿಡಿಸಲಿ.