ಹಾಡಿಯ ರೋಗದ ಬೇರು

ಕಾಕನಕೋಟೆ ಎಂದರೆ ನಮಗೆ ಖೆಡ್ಡಾ ನೆನಪು. ಅಲ್ಲಿ ಆನೆ ಪಳಗಿಸಿದ ಜೇನುಕುರುಬರ ರಕ್ತಹೀನತೆ, ಕುಡಿತ, ಮನೋವ್ಯಥೆಗಳನ್ನು ಇಂದು ಸಂಶೋಧಕರು ಹಾಡಿಗಳಿಗೆ ಬಂದು ಬರೆದುಕೊಳ್ಳುತ್ತಾರೆ. ಬರೆಯಲಿ, ಬೇಡವೆನ್ನೆ. ಆದರೆ 'ನಿಮ್ಮನ್ನು ಕಾಡಿನಿಂದ ಎಬ್ಬಿಸಿದವರಾರು?' ಎಂದೂ ಕೇಳಬೇಕು. ಹೈಕೋರ್ಟ್ ನೇಮಿಸಿದ್ದ ಸಮಿತಿಯ ಮುಖ್ಯಸ್ಥರಾಗಿ ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಮುಜಾಫರ್ ಅಸ್ಸಾದಿ ಅದನ್ನು ಕೇಳಿದರು. ನಾಗರಹೊಳೆಯಿಂದ ಒಕ್ಕಲೆದ್ದ 3,418 ಕುಟುಂಬಗಳನ್ನು 2014ರ ವರದಿ ಗುರುತಿಸಿತು. ಗೆಡ್ಡೆ, ಜೇನು, ತಮ್ಮ ದೇವರ ತಾವು ಎಲ್ಲ ಕಳೆದುಕೊಂಡವರಿಗೆ ಕಬ್ಬಿಣದ ಮಾತ್ರೆಯೊಂದೇ ಮದ್ದೇ?

ಶರಣ ಬಂಧುಗಳೇ, ನಮ್ಮ ಹೊಲದಲ್ಲಿ ದುಡಿಯುವ ಹಾಡಿಯವರಿಗೆ ಲೋಟ ಬೇರೆ ಇಡುವವರು ನಮ್ಮೊಳಗೇ ಇದ್ದಾರೆ. ಇಷ್ಟಲಿಂಗ ಹಿಡಿವ ಕೈಗೆ ಅದು ಒಪ್ಪುವುದೇ? ಲೋಟ ಇಂದೇ ಬದಲಾಗಲಿ. ವರದಿ ಜಾರಿಯಾಗಲೆಂಬ ಮನವಿಗೆ ನಮ್ಮ ಮಠಾಧೀಶರೇ ಮೊದಲು ಸಹಿ ಹಾಕಲಿ.